ಆನೆಗೆ ಕೊಡದ ಬಾಳೆಹಣ್ಣು

ಸ್ಟ್ಯಾನ್ಮೋರ್

ಲಂಡನ್ನಿಗೆ ಹೋಗಿ ಬಂದೆ ಎಂದ ಕೂಡಲೇ ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ. ರಾಣಿಯ ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ? ನೋಡಿದೆ ಸ್ವಾಮಿ. ಅರಮನೆ ನಮ್ಮದೇ ಚೆನ್ನಾಗಿದೆ, ಗಡಿಯಾರ ಪರವಾಗಿಲ್ಲ. ಆದರೆ ನಾನು ಅಲ್ಲಿದ್ದಷ್ಟು ದಿನವೂ ಆ ಮನೆಯಲ್ಲಿ ಮಾತು ನಡೆದದ್ದು ಆನೆಯದು. ಅಷ್ಟು ದೂರ ವಿಮಾನದಲ್ಲಿ ಕೂತು ಹೋಗಿ ನಾನು ತಲೆ ಕೆಡಿಸಿಕೊಂಡದ್ದೂ ಆನೆಯ ವಿಷಯಕ್ಕೇ.

ನನ್ನ ತಂಗಿ ವಸುಮತಿಯ ಮನೆ ಇರುವುದು ಸ್ಟ್ಯಾನ್ಮೋರಿನಲ್ಲಿ. ಟ್ಯೂಬ್ ರೈಲಿನ ಜೂಬಿಲಿ ಲೈನ್ ಅಲ್ಲಿಗೆ ಮುಗಿದುಹೋಗುತ್ತದೆ, ಹಾಗಾಗಿ ನನ್ನಂಥವಳಿಗೆ ಇಳಿಯುವ ಜಾಗ ತಪ್ಪುವ ಹೆದರಿಕೆಯಿಲ್ಲ. ಊರಿನ ಆ ಕಡೆ ಹೊಸ ಶತಮಾನಕ್ಕೆಂದು ದೊಡ್ಡ ಗುಮ್ಮಟ ಕಟ್ಟುತ್ತಿದ್ದರು, ಈ ಲೈನನ್ನು ಅಲ್ಲಿಯವರೆಗೂ ಎಳೆಯಲು ನೆಲ ಅಗೆಯುತ್ತಿದ್ದರು. ವಸುವಿನ ಬೀದಿಯಲ್ಲಿ ಮಾತ್ರ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಮನೆಗೊಂದು ಕಾರು ಹೊರಡುತ್ತದೆ, ಸಂಜೆ ಬಂದು ನಿಲ್ಲುತ್ತದೆ. ಪಕ್ಕದ ಮನೆಯ ಮುದುಕರು ಬೇಲಿಯ ಮೇಲಿಂದ ದಿನಾ ನನಗೆ ಹವಾಮಾನ ವರದಿ ಒಪ್ಪಿಸುತ್ತಿದ್ದರು. ಮಳೆ ನನ್ನ ತಲೆಯ ಮೇಲೂ ಬೀಳುತ್ತಿದೆಯಲ್ಲಪ್ಪಾ ಎಂದು ಹೇಳುವುದು ಹೇಗೆಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ವಸುವಿನ ಗಂಡ ಶ್ರೀಧರ ಧಾರವಾಡದವರು, ಲಂಡನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ಊರವರಿಗೆಲ್ಲ ನಿದ್ದೆ ಬರಿಸುವ ಮನುಷ್ಯ ಎರಡು ವರ್ಷದ ಹಿಂದೆ ತಾವೇ ಆಪರೇಷನ್ ಮೇಜಿನ ಮೇಲೆ ಮಲಗಬೇಕಾಯಿತು. ಕರುಳಿನ ಕ್ಯಾನ್ಸರ್. ಆಗ ನನಗೆ ಹೋಗಲಾಗಲಿಲ್ಲ. ಫೋನಿನಲ್ಲಿ ಅವಳು ಆ ಕಡೆ ಅತ್ತಳು, ನಾನು ಈ ಕಡೆ ಅತ್ತೆ. ಈಗ ಅವರು ಕೆಲಸಕ್ಕೆ ಹೋಗುವಷ್ಟು ಚೇತರಿಸಿಕೊಂಡಿದ್ದರು. ಸ್ವಲ್ಪ ಸಣ್ಣಗಾಗಿದ್ದರು, ಅಷ್ಟೇ.

ನಾನು ಹೋದ ದಿನವೇ ನೋಡುತ್ತೇನೆ, ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲ. ತುಂಬ ನಕ್ಷೆಗಳು, ಬಣ್ಣದ ಪುಸ್ತಕಗಳು. ಅಕ್ಟೋಬರಿನಲ್ಲಿ ಮೂವರೂ ಕೀನ್ಯಾ ದೇಶದ ಅಂಬೋಸೆಲಿ ಕಾಡಿಗೆ ಸಫಾರಿ ಹೋಗುವವರಿದ್ದರು.

"ಅಕ್ಕಾರ, ಇದ ನೋಡ್ರಿ. ಮ್ಯಾಲೆ ಹಿಮದ ಗುಡ್ಡ, ಕೆಳಗ ಆನಿ ಹಿಂಡು!" ಎಂದು ಶ್ರೀಧರ ಒಂದು ಚಿತ್ರವನ್ನು ನನ್ನ ಮೂಗಿಗೇ ಹಿಡಿದರು.

"ಆನೆ ನೋಡೋಕೆ ಆಫ್ರಿಕಾಗೆ ಹೋಗ್ಬೇಕೇನ್ರೀ? ದಸರಾ ಹತ್ತಿರ ಬಂದ್ರೆ ನಮ್ಮನೆ ಮುಂದೇನೇ ತಾಲೀಮಿಗೆ ಹೋಗ್ತವೆ. ರಸ್ತೆ ತುಂಬ ಲದ್ದಿ. ನಾನು ಹೊರಗೆ ಬಂದು ನೋಡೋದೂ ಇಲ್ಲ" ಎಂದೆ.

"ನಿಮ್ಮವು ನೌಕರಿ ಮಾಡೋ ಆನಿ ಅಕ್ಕಾರ. ನನಗ ಯಾರ ಮಾತೂ ಕೇಳದ ಆನಿ ನೋಡಬೇಕಾಗೇದ. ನಾ ಸಣ್ಣಾಂವ ಇದ್ದಾಗ ಧಾರವಾಡಕ್ಕ ಸರ್ಕಸ್ ಬಂದಿತ್ತು. ಆನಿ ಸ್ಟೂಲಿನ ಮ್ಯಾಲೆ ಕೂತಿತ್ತು. ಎಲ್ಲಾರೂ ಚಪ್ಪಾಳಿ ಹೊಡದ್ರು, ನನಗ ಅಳೂನ ಬಂತು."

ಅವರ ಮಗಳು ಮೇಘಾ, ಹದಿನಾಲ್ಕರವಳು, ಸೋಫಾದ ಮೇಲೆ ಕಾಲು ಚಾಚಿಕೊಂಡು, "ಡ್ಯಾಡ್, ನಾಟ್ ದ ಸ್ಟೂಲ್ ಸ್ಟೋರಿ ಅಗೇನ್!" ಎಂದಳು. ಆ ಹುಡುಗಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ಇಂಗ್ಲಿಷು.

ವಸು ಚಿತ್ರಗಳನ್ನು ನೋಡಲೇ ಇಲ್ಲ. ಅವಳ ಪ್ರಶ್ನೆ ಬೇರೆ. "ರೀ, ಆನೆ ಜೀಪಿನ ಹತ್ತಿರಕ್ಕೆ ಬರುತ್ತಾ? ಎಷ್ಟು ಹತ್ತಿರ? ಕೈ ಚಾಚಿದ್ರೆ ಸಿಗೋಷ್ಟಾ?" ಮಾರನೆಯ ದಿನ ಕಾಫಿ ಸೋಸುತ್ತಾ ಅದನ್ನೇ ಕೇಳಿದಳು, ರಾತ್ರಿ ಹಾಸಿಗೆ ಕೊಡವುತ್ತಾ ಮತ್ತೆ ಅದನ್ನೇ. ಹಲ್ಲಿ ಕಂಡರೆ ಚೀರುವ ನನ್ನ ತಂಗಿಗೆ ಆನೆಯ ಪಕ್ಕ ನಿಲ್ಲುವ ಹುಚ್ಚು ಯಾವಾಗ ಹಿಡಿಯಿತಪ್ಪಾ ಎಂದುಕೊಂಡೆ.

ವೆಂಬ್ಲಿ

ಉತ್ತರ ಸಿಕ್ಕಿದ್ದು ವೆಂಬ್ಲಿಯ ಈಲಿಂಗ್ ರೋಡಿನಲ್ಲಿ, ತರಕಾರಿ ಅಂಗಡಿಯ ಮುಂದೆ. ಆ ರಸ್ತೆಗೆ ಕಾಲಿಟ್ಟರೆ ಸಾಕು, ಮೂಗಿಗೆ ಮೊದಲು ಕೊತ್ತಂಬರಿ ಸೊಪ್ಪು, ಆಮೇಲೆ ಅಗರಬತ್ತಿ. ನನಗೆ ದೇವರಾಜ ಮಾರ್ಕೆಟ್ಟಿಗೇ ಬಂದಷ್ಟು ಖುಷಿಯಾಯಿತು. ಗಾಜಿನ ಕಿಟಕಿಗಳಲ್ಲಿ ಸೀರೆ ಉಟ್ಟ ಬೊಂಬೆಗಳು, ಎಲ್ಲವಕ್ಕೂ ಬಿಳಿಯ ಮುಖ, ಹಣೆಯಲ್ಲಿ ಬಿಂದಿ. ಗೋಡೆಯ ಮೇಲೆ ಎಲೆಅಡಿಕೆ ಉಗುಳಬೇಡಿ ಎಂಬ ಬರಹ, ಅದರ ಕೆಳಗೇ ಉಗುಳಿದ ಕಲೆ. ಇಷ್ಟು ದೂರ ಬಂದರೂ ನಮ್ಮವರು ನಮ್ಮವರೇ.

ವಸು ಪುಟ್ಟ ಬಾಳೆಹಣ್ಣಿನ ಚಿಪ್ಪನ್ನು ಎತ್ತಿ ಎತ್ತಿ ನೋಡಿದಳು. ಆಮೇಲೆ ಬೆಲ್ಲದ ಉಂಡೆಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಇದು ಅಕ್ಟೋಬರ್‌ವರೆಗೆ ಕೆಡದೇ ಇರುತ್ತಾ ಅಕ್ಕ?" ಎಂದಳು.

"ಬೆಲ್ಲ ಯಾಕೆ ಕೆಡುತ್ತೆ? ಅಲ್ಲ, ಅಕ್ಟೋಬರ್‌ವರೆಗೂ ಇಟ್ಕೊಂಡು ಏನ್ ಮಾಡ್ತೀಯಾ?"

ಅವಳು ಆಚೀಚೆ ನೋಡಿದಳು. "ಇವರ ಆಪರೇಷನ್ ದಿನ ಹೊರಗಡೆ ಕೂತಿದ್ನಲ್ಲ ಅಕ್ಕ. ಒಬ್ಬಳೇ. ಎಷ್ಟು ಹೊತ್ತಾದ್ರೂ ಯಾರೂ ಬಂದು ಏನೂ ಹೇಳ್ಲಿಲ್ಲ. ಗಣಪತಿ ಬಿಟ್ರೆ ಯಾರೂ ನೆನಪಾಗ್ಲಿಲ್ಲ. ಇವರನ್ನ ನನಗೆ ವಾಪಸ್ ಕೊಡಪ್ಪಾ, ನನ್ನ ಕೈಯಾರೆ ಆನೆಗೆ ಬಾಳೆಹಣ್ಣು ಬೆಲ್ಲ ತಿನ್ನಿಸ್ತೀನಿ ಅಂತ ಹರಕೆ ಹೊತ್ಕೊಂಡೆ."

"ಎರಡು ವರ್ಷದಿಂದ ಹಾಗೇ ಇಟ್ಕೊಂಡಿದ್ದೀಯಾ!"

"ಇವರನ್ನ ಬಿಟ್ಟು ಊರಿಗೆ ಹೇಗೆ ಬರ್ಲಿ? ಇವರಿಗೆ ಹೇಳಿದ್ರೆ ನಗ್ತಾರೆ. ಅಷ್ಟರಲ್ಲಿ ಅವರೇ ಸಫಾರಿ ಅಂದ್ರು. ದೇವರೇ ದಾರಿ ತೋರಿಸಿದ ಅಂದ್ಕೊಂಡೆ."

ಹರಕೆಯ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಕೊಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟು ಸುಮ್ಮನೆ ಕೂತವರ ಮನೆಯಲ್ಲಿ ಏನೇನಾಯಿತು ಎಂಬ ಕಥೆಗಳನ್ನು ಕೇಳಿಯೇ ಬೆಳೆದವಳು. ಇನ್ನೆರಡು ವಾರಕ್ಕೆ, ಕ್ಯಾನ್ಸರ್ ಮತ್ತೆ ಬಂದಿದೆಯೇ ಎಂದು ನೋಡುವ ಶ್ರೀಧರರ ಸ್ಕ್ಯಾನ್ ಬೇರೆ ಇತ್ತು. ಅಷ್ಟರೊಳಗೆ ತೀರದಿದ್ದರೆ ಏನು ಗತಿ ಎಂದುಕೊಂಡೆ. ಆದರೂ ತೋರಿಸಿಕೊಳ್ಳದೆ, "ಆಯ್ತು, ಅಲ್ಲೇ ತಿನ್ನಿಸು. ಆಫ್ರಿಕಾದ ಆನೆಯಾದ್ರೂ ಗಣಪತಿಯೇ" ಎಂದೆ.

ಅದೇ ಸಾಲಿನಲ್ಲಿ ಅವರ ಟ್ರಾವೆಲ್ ಏಜೆಂಟಿನ ಅಂಗಡಿ. ಹಸ್ಮುಖ್ ಭಾಯಿ ಎಂಬವರು ಗುಜರಾತಿ, ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ. ಟಿಕೆಟ್ಟಿನ ಮಾತಾದ ಮೇಲೆ ವಸು ಹಿಂದಿಯಲ್ಲಿ ಬಹಳ ನಾಜೂಕಾಗಿ ಕೇಳಿದಳು. "ಅಲ್ಲಿ ಮಾವುತರು ಇರ್ತಾರಲ್ಲ, ಅವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯ ಸಾಧು ಆನೆಯನ್ನ ಜೀಪಿನ ಹತ್ತಿರ ತಂದು ನಿಲ್ಲಿಸ್ತಾರಾ?"

ಪ್ರಶ್ನೆಯಲ್ಲಿ ಏನು ತಪ್ಪಿದೆಯೆಂದು ನನಗೂ ಹೊಳೆಯಲಿಲ್ಲ. ಆನೆ ಎಂದ ಮೇಲೆ ಮಾವುತ ಇರಬೇಡವೇ! ಹಸ್ಮುಖ್ ಭಾಯಿ ಮೊದಲು ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವವರೆಗೂ ನಕ್ಕರು. "ಬೆಹನ್‌ಜೀ, ಆ ಆನೆಗಳಿಗೆ ಮಾವುತ ಅಂದ್ರೆ ಮೇಲಿರೋ ದೇವರೊಬ್ಬನೇ."

"ಹೋಗ್ಲಿ, ನಾನೇ ಜೀಪಿನಿಂದ ಕೈ ಚಾಚಿ ಎರಡು ಬಾಳೆಹಣ್ಣು ಕೊಡ್ತೀನಿ."

ಅವರ ನಗು ಅಲ್ಲಿಗೇ ನಿಂತಿತು. "ಆ ಕೆಲಸ ಮಾತ್ರ ಮಾಡಬೇಡಿ. ನಾನು ಹುಡುಗನಾಗಿದ್ದಾಗ ಒಂದು ಕ್ಯಾಂಪಿನ ಹತ್ತಿರ ಗಂಡಾನೆ ಬರ್ತಿತ್ತು. ಬಂದವರೆಲ್ಲ ಕಿತ್ತಳೆ, ಬಾಳೆಹಣ್ಣು ಕೊಡೋರು, ಫೋಟೊ ತೆಗೆಯೋರು. ಆನೆಗೆ ರುಚಿ ಹತ್ತಿತು. ಹಣ್ಣು ಕೊಡದವರ ಕಾರಿನ ಬಾಗಿಲು ಕಿತ್ತಿತು, ಟೆಂಟ್ ಹರಿಯಿತು, ಅಡುಗೆಯವನೊಬ್ಬನ ಕಾಲು ಮುರಿಯಿತು. ಕೊನೆಗೆ ಗುಂಡು ಹೊಡೆದು ಸಾಯಿಸಿದ್ರು. ಹಣ್ಣು ಕೊಟ್ಟವರಿಗೆ ಏನಾಯ್ತು? ಏನೂ ಇಲ್ಲ. ಊರಿಗೆ ಹೋಗಿ ಫೋಟೊ ತೊಳೆಸಿಕೊಂಡ್ರು."

ಕಾರಿಗೆ ಬಂದು ಕೂತರೂ ವಸು ಬೀಗದ ಕೈ ತಿರುಗಿಸಲಿಲ್ಲ. "ಒಂದು ಜೀವ ಉಳಿಸ್ಕೊಂಡಿದ್ದಕ್ಕೆ ಇನ್ನೊಂದು ಜೀವ ತೆಗೀಲಾ ಅಕ್ಕ?" ಎಂದಳು. ಕಣ್ಣು ತುಂಬಿತ್ತು. ದೇವಸ್ಥಾನದ ಆನೆಗೆ ಬೆಲ್ಲ ಕೊಟ್ಟು ತಲೆಯ ಮೇಲೆ ಸೊಂಡಿಲು ಇಡಿಸಿಕೊಂಡು ಬೆಳೆದ ನಮಗೆ ಆನೆಗೆ ತಿನ್ನಲು ಕೊಡುವುದೆಂದರೆ ಪುಣ್ಯ. ಅದು ಪಾಪವೂ ಆದೀತು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೃಗಾಲಯ

ಕಾಡಾನೆಗೆ ಕೊಡಬಾರದು, ಸರಿ. ಸಾಕಿದ ಆನೆಗೆ ಕೊಡಬಹುದಲ್ಲ? ಊರ ನಡುವೆ ಮೃಗಾಲಯವಿದೆ, ಅಲ್ಲಿ ಆನೆಯಿದೆ ಎಂದು ಮೇಘಾ ಒಂದು ದಿನ ಬಾಯಿತಪ್ಪಿ ಹೇಳಿದಳು. ನಾನು ಬಿಡುತ್ತೇನೆಯೇ? ಸ್ಕ್ಯಾನಿಗೆ ಮುಂಚೆ ಹರಕೆ ತೀರಲೇಬೇಕು ಎಂದು ನನ್ನ ಹಟ. ಶ್ರೀಧರ ಆಸ್ಪತ್ರೆಗೆ ಹೋದ ಮೇಲೆ ನಾವು ಮೂವರೂ ಹೊರಟೆವು. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಕರವಸ್ತ್ರದಲ್ಲಿ ಕಟ್ಟಿದ ಬೆಲ್ಲ.

ಟ್ಯೂಬಿನಲ್ಲಿ ಎದುರಿಗೆ ಕೂತವರು ನಮ್ಮ ಮುಖ ನೋಡುವುದಿಲ್ಲ, ಎಲ್ಲರೂ ಪೇಪರಿನ ಹಿಂದೆ. ನಮ್ಮ ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲಿಗೆ ಹೊರಟಿರಿ, ಚೀಲದಲ್ಲೇನು ಎಂದು ಕೇಳಿ, ನಾನು ಎಲ್ಲ ಹೇಳಿ, ಯಾರೋ ಒಬ್ಬರು ಒಂದು ಉಪಾಯವನ್ನೂ ಕೊಟ್ಟಿರುತ್ತಿದ್ದರು. ಇಲ್ಲಿ ನಮ್ಮ ಕಷ್ಟ ನಮ್ಮ ತೊಡೆಯ ಮೇಲೇ ಕೂತಿತ್ತು.

ಆನೆಯ ಮನೆ ಕಾಂಕ್ರೀಟಿನದು. ಮುಂದೆ ಒಂದಿಷ್ಟು ಬಯಲು, ಹಳ್ಳ, ಆಮೇಲೆ ಕಟಕಟೆ. ಆನೆ ಮೂಲೆಯಲ್ಲಿ ನಿಂತು ಒಣಹುಲ್ಲು ಎಳೆಯುತ್ತಿತ್ತು. ನೋಡಿದ ಕೂಡಲೇ ನಮ್ಮ ಕಡೆಯದೇ ಎಂದು ಗೊತ್ತಾಯಿತು, ಸಣ್ಣ ಕಿವಿ, ಹಣೆಯ ಮೇಲೆ ಎರಡು ಗುಬುಟು. ವಸು ಕೈ ಮುಗಿದೇಬಿಟ್ಟಳು. "ಮಮ್, ಪ್ಲೀಸ್!" ಎಂದು ಮೇಘಾ ಹತ್ತು ಹೆಜ್ಜೆ ದೂರ ಹೋಗಿ, ನಾವು ಯಾರೋ ಅವಳು ಯಾರೋ ಎಂಬಂತೆ ನಿಂತಳು.

ಕೈಯೇನು, ಬಿದಿರಿನ ಗಳ ಹಿಡಿದು ಚಾಚಿದರೂ ಆನೆ ಸಿಗುವಂತಿರಲಿಲ್ಲ. ನೋಡಿಕೊಳ್ಳುವ ಹುಡುಗಿ ಬಕೆಟ್ ಹಿಡಿದು ಬಂದಳು. ನಾನು ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ನನ್ನ ಮೇಷ್ಟ್ರ ಇಂಗ್ಲಿಷಿನಲ್ಲಿ ಹರಕೆಯನ್ನು ವಿವರಿಸಿದೆ. ಪಾಪ, ಬಕೆಟ್ ಕೆಳಗಿಟ್ಟು ಪೂರ್ತಿ ಕೇಳಿದಳು. ಆ ದೇಶದಲ್ಲಿ ಇಲ್ಲ ಎನ್ನುವುದಕ್ಕೆ ಮುಂಚೆ ಎರಡು ಸಲ ಸಾರಿ ಹೇಳುತ್ತಾರೆ. ಇವಳು ಮೂರು ಸಲ ಹೇಳಿದಳು. ಹೊರಗಿನವರು ಏನೂ ಕೊಡುವಂತಿಲ್ಲವಂತೆ, ಅದಲ್ಲದೆ ಆನೆಯ ತೂಕ ಹೆಚ್ಚಾಗಿ ಡಯಟ್ಟಿನಲ್ಲಿದೆಯಂತೆ. ಅಯ್ಯೋ ರಾಮಾ, ಆನೆಗೂ ಡಯಟ್ಟು!

"ಬಕೆಟ್ಟಿನಲ್ಲಾದರೂ ಹಾಕಿಕೊಂಡು ಹೋಗಿ ನೀವೇ ಕೊಡಮ್ಮ" ಎಂದು ನಾನು ಬೇಡಿಕೊಳ್ಳುವವಳಿದ್ದೆ. ವಸು ನನ್ನ ತೋಳು ಹಿಡಿದಳು. "ಬೇಡ ಅಕ್ಕ. ಕೈಯಾರೆ ಅಂದಿದ್ದೆ. ಬೇರೆಯವರ ಕೈಯಲ್ಲಿ ಆದ್ರೆ ಅದು ಹರಕೆ ಅಲ್ಲ."

ಬೆಂಚಿನ ಮೇಲೆ ಕೂತು ಬಾಳೆಹಣ್ಣನ್ನು ನಾವೇ ತಿಂದೆವು. ನನಗೆ ನಗುವೂ ಬಂತು, ಅಳುವೂ ಬಂತು. ವಸು ಸಿಪ್ಪೆಗಳನ್ನು ಎತ್ತಿಕೊಂಡು ಕಸದ ಡಬ್ಬಿ ಹುಡುಕುತ್ತಾ ಹೋದಳು. ಆಗ ಮೇಘಾ ನನ್ನ ಪಕ್ಕಕ್ಕೆ ಸರಿದಳು.

"ಅಮ್ಮ ಇದನ್ನ ಮಾಡ್ದೇ ಇದ್ರೆ ಅಪ್ಪಂಗೆ ಏನಾದ್ರೂ ಆಗತ್ತಾ, ದೊಡ್ಡಮ್ಮ?"

ಕನ್ನಡದಲ್ಲಿ ಕೇಳಿದ್ದಳು. ಅವಳ ಬಾಯಿಂದ ನಾನು ಅಷ್ಟುದ್ದದ ಕನ್ನಡ ಕೇಳಿದ್ದು ಅದೇ ಮೊದಲು. ಸ್ಕ್ಯಾನಿಗೆ ಮುಂಚೆ, ಸ್ಕ್ಯಾನಿಗೆ ಮುಂಚೆ ಎಂದು ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದೆಲ್ಲ ಈ ಮಗುವಿನ ಕಿವಿಗೆ ಬಿದ್ದು, ರಾತ್ರಿಯೆಲ್ಲ ಅದನ್ನು ಎಷ್ಟು ನುಂಗಿಕೊಂಡಿದ್ದಳೋ.

"ಏನೂ ಆಗಲ್ಲ ಪುಟ್ಟ. ದೇವರು ಹಾಗೆಲ್ಲ ಜಗಳ ಕಾಯೋನಲ್ಲ" ಎಂದೆ. ಅವಳ ತಲೆ ಸವರಿದೆ. ಹೇಳಿದ್ದನ್ನು ನಾನೇ ನಂಬಿರಲಿಲ್ಲ.

ಆಸ್ಪತ್ರೆಯ ದಿನಗಳು

ಸ್ಕ್ಯಾನಿನ ಹಿಂದಿನ ದಿನ ಶ್ರೀಧರ ಹಾಲು ತರಲು ಹೊರಟವರು, "ಬರ್ರಿ ಅಕ್ಕಾರ, ಒಂದ ರೌಂಡ್ ಹೋಗಿ ಬರೂಣು" ಎಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಸಿಗ್ನಲ್ಲಿನಲ್ಲಿ ನಿಂತಾಗ, ಮುಂದಕ್ಕೇ ನೋಡುತ್ತಾ ಹೇಳಿದರು. "ವಸು ನನ್ನ ಮುಂದ ನಗತಾಳ, ಬಾತ್‌ರೂಮಿನ್ಯಾಗ ಅಳತಾಳ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡಾಳ. ಸಫಾರಿ ಇಷ್ಟ ಲಗೂನ ಯಾಕ ಅಂತ ನಿಮಗೂ ಅನಿಸಿರಬೇಕು. ಮುಂದಿನ ವರ್ಷ ಅನ್ನೂದು ನನ್ನ ಕೈಯಾಗ ಇಲ್ರಿ. ಇರೂದರಾಗ ಅವರಿಬ್ಬರ ಜೋಡಿ ಒಂದ ಛಲೋ ದಿನ ನೋಡಬೇಕಂತ ಅದ, ಅಷ್ಟ."

ಒಂದೇ ಆನೆಯನ್ನು ಒಬ್ಬಳು ಗಂಡ ಉಳಿದನೆಂದು ನೋಡಲು ಹೊರಟಿದ್ದಳು, ಇನ್ನೊಬ್ಬರು ತಾವು ಉಳಿಯುತ್ತೇವೋ ಇಲ್ಲವೋ ಎಂದು. ಹಿಂದಿನ ಕಾರಿನವನು ಹಾರ್ನ್ ಮಾಡಲೂ ಇಲ್ಲ, ಹಸಿರು ಬಂದರೂ ಸುಮ್ಮನೆ ಕಾದ. ನಮ್ಮೂರಿನಲ್ಲಾಗಿದ್ದರೆ ಹಾರ್ನ್ ಹೊಡೆದು ನಮ್ಮ ವಂಶವನ್ನೆಲ್ಲ ಬೈದಿರುತ್ತಿದ್ದರು.

ಸ್ಕ್ಯಾನ್ ಆಗಿ ಮುಂದಿನ ವಾರ ಫಲಿತಾಂಶ ಬರುವವರೆಗೂ ಆ ಮನೆಯಲ್ಲಿ ಯಾರೂ ಆನೆಯ ಮಾತೆತ್ತಲಿಲ್ಲ. ನಕ್ಷೆಗಳು ಮೇಜಿನ ಮೇಲೆ ಹಾಗೇ ಇದ್ದವು. ನಾನು ದೇವರ ಮುಂದೆ ಕೂತರೂ ಏನು ಕೇಳಬೇಕೆಂದು ತೋಚುತ್ತಿರಲಿಲ್ಲ. ಹಳೆಯದನ್ನೇ ತೀರಿಸದೆ ಹೊಸದನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು?

ಫೋನ್ ಬಂತು. ಶ್ರೀಧರ ನಿಂತೇ ಕೇಳಿಸಿಕೊಂಡರು, ಎರಡು ಸಲ ಥ್ಯಾಂಕ್ಯೂ ಎಂದರು, ರಿಸೀವರ್ ಇಟ್ಟರು. "ಏನೂ ಇಲ್ಲಂತ. ಎಲ್ಲಾ ಕ್ಲೀನ್ ಅದ" ಎಂದರು. ವಸು ಅಡುಗೆಮನೆಯ ನೆಲದ ಮೇಲೆಯೇ ಕುಸಿದು ಕೂತಳು. ಮೇಘಾ ಅಪ್ಪನನ್ನು ತಬ್ಬಿಕೊಂಡು, ಅಳುತ್ತಲೇ ತಡವರಿಸದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೊರಗೆ ಹಾಕಿಬಿಟ್ಟಳು, ಹರಕೆ, ಬೆಲ್ಲ, ಮೃಗಾಲಯ, ಡಯಟ್ಟಿನ ಆನೆ.

ಶ್ರೀಧರ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ವಸುವಿನ ಎದುರು ನೆಲದ ಮೇಲೇ ಕೂತರು. "ಎರಡು ವರ್ಷ ಇದನ್ನ ಒಬ್ಬಾಕೀನ ಹೊತಗೊಂಡು ತಿರಗೀದೇನು? ಹುಚ್ಚಿ. ಕೀನ್ಯಾ ಬಿಡೂಣು. ಅಕ್ಟೋಬರಿಗೆ ದಸರಾ ಅಲ್ಲ? ಮೈಸೂರಿಗೇ ಹೋಗೂಣು. ಮಾವುತನೂ ಇರತಾನ, ಆನಿನೂ ಇರತದ. ನಿನ್ನ ಕೈಲೇ ತಿನ್ನಸು."

ನನಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು. "ಅಷ್ಟೇ ತಾನೇ! ನಮ್ಮನೆ ಮುಂದೇನೇ ನಿಲ್ಲಿಸಿ ತಿನ್ನಿಸೋಣ. ನಮಗೆ ಗೊತ್ತಿರೋ ಮಾವುತ ಇದ್ದಾನೆ" ಎಂದೆ.

ವಸು ಕಣ್ಣೊರೆಸಿಕೊಂಡು ಎದ್ದಳು. "ಬೇಡ. ಕೀನ್ಯಾಗೇ ಹೋಗೋಣ. ನಾನು ಯಾವ ಆನೆಗೂ ಏನೂ ಕೊಡಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡನ ಆಸೆ ಮುರಿಯಬಾರದೆಂದು ಹಾಗೆ ಹೇಳುತ್ತಿದ್ದಾಳೆ ಎಂದು ನಾನು ತಿಳಿದೆ. ಅವರೂ ಹಾಗೇ ತಿಳಿದಿರಬೇಕು. ಮಾರನೆಯ ದಿನದಿಂದ ಮತ್ತೆ ನಕ್ಷೆ, ಮತ್ತೆ ಬಣ್ಣದ ಪುಸ್ತಕ. ಈಗ ವಸುವೂ ಪಕ್ಕದಲ್ಲಿ ಕೂತು ನೋಡುತ್ತಿದ್ದಳು, ಹಕ್ಕಿ ಯಾವುದು, ಮರ ಯಾವುದು ಎಂದು ಕೇಳುತ್ತಿದ್ದಳು. ನನಗೊಬ್ಬಳಿಗೇ ಒಳಗೊಳಗೇ ಕೊರೆತ.

ಹೀಥ್ರೋ

ಹೊರಡುವ ದಿನ ಶ್ರೀಧರ ಕಾರು ನಿಲ್ಲಿಸಲು ಹೋದಾಗ, ಮೇಘಾ ಟ್ರಾಲಿ ತರಲು ಹೋದಾಗ, ನಮಗಿಬ್ಬರಿಗೂ ಸ್ವಲ್ಪ ಹೊತ್ತು ಸಿಕ್ಕಿತು. ಇನ್ನು ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟೆ.

"ನೋಡು ವಸು, ನಿನಗೆ ಬರೋಕಾಗ್ದಿದ್ರೆ ಬೇಡ. ಒಡಹುಟ್ಟಿದವಳು ನಾನು, ನನ್ನ ಕೈ ಬೇರೆ ಅಲ್ಲ ನಿನ್ನ ಕೈ ಬೇರೆ ಅಲ್ಲ. ತಪ್ಪಾಯ್ತಪ್ಪಾ ಅಂತ ಗಣಪತಿ ಹತ್ರ ನಾನೇ ಕೇಳ್ಕೊಂಡು, ದಸರಾ ಆನೆಗೆ ನಿನ್ನ ಹೆಸರಲ್ಲಿ ತಿನ್ನಿಸಿಬಿಡ್ತೀನಿ. ಇದೊಂದು ಮುಗಿದುಹೋಗ್ಲಿ."

"ಮುಗೀಬಾರ್ದು ಅಕ್ಕ."

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಶಾಲಿನ ಅಂಚನ್ನು ಸರಿ ಮಾಡುತ್ತಾ, ನನ್ನ ಮುಖ ನೋಡದೆ ಹೇಳಿದಳು. "ಹರಕೆ ತೀರಿಸಿಬಿಟ್ರೆ ಅವನಿಗೂ ನನಗೂ ವ್ಯವಹಾರ ಮುಗೀತು. ಆಮೇಲೆ ಅವನು ಏನು ಬೇಕಾದ್ರೂ ಮಾಡ್ಬಹುದು. ನಾನು ಕೊಡೋದು ಬಾಕಿ ಇದ್ರೆ ಅವನು ಕಾಯ್ಬೇಕು. ಈಗ ಕಾದಿದ್ದಾನೆ, ನೋಡಿದ್ಯಲ್ಲ. ಇನ್ನೂ ಕಾಯ್ಲಿ. ಅವನು ಕಾಯೋತನಕ ಇವರು ನನ್ನ ಹತ್ರ ಇರ್ತಾರೆ."

ದೇವರ ಜೊತೆ ಹಾಗೆಲ್ಲ ಆಟ ಆಡಬಾರದು ಕಣೆ, ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಮಾತನ್ನು ಜೀವಮಾನವಿಡೀ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಅಷ್ಟರಲ್ಲಿ ಗಾಜಿನ ಬಾಗಿಲು ಸರಿಯಿತು. ಶ್ರೀಧರ ಮಗಳ ಕೈಯಿಂದ ಟ್ರಾಲಿ ಕಿತ್ತುಕೊಂಡು, ಅದನ್ನು ನೆಟ್ಟಗೆ ನಡೆಸಲಾರದೆ ಯಾರಿಗೋ ಸಾರಿ ಹೇಳುತ್ತಾ, ನಗುತ್ತಾ ನಮ್ಮ ಕಡೆಗೆ ಬರುತ್ತಿದ್ದರು.

ನಾನು ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಮರೆತೂ ತೀರಿಸ್ಬೇಡ ಕಣೆ" ಎಂದೆ.